ಸೊಟ್ಟ ಮೈದಾನಗಳ ಪರವಾಗಿ

ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯಮವರ್ಗದ ಗೃಹಸ್ಥರಲ್ಲಿ ವಿಚಿತ್ರವೂ ಮನೋಹರವೂ ಆದ ಒಂದು ವ್ರತ ರೂಢಿಯಲ್ಲಿದೆ. ಗಂಡಹೆಂಡಿರಿಬ್ಬರು, ಬಹುಮಟ್ಟಿಗೆ ಮಕ್ಕಳು ಬೆಳೆದು ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಪ್ರಧಾನ ಬೇಸ್‌ಬಾಲ್ ಲೀಗಿನ ಮೈದಾನಗಳನ್ನೆಲ್ಲ ಒಂದೊಂದಾಗಿ ಸಂದರ್ಶಿಸಿ, ಪ್ರತಿಯೊಂದರಲ್ಲಿಯೂ ಒಂದು ಆಟವನ್ನಾದರೂ ಕುಳಿತು ನೋಡಿಬರತಕ್ಕದ್ದೆಂದು ಸಂಕಲ್ಪ ಮಾಡಿಕೊಳ್ಳುತ್ತಾರೆ. ತಂಡಗಳು 30, ಒಂದು ಕೆನಡಾದ ಟೊರಾಂಟೊ ನಗರಕ್ಕೆ ಸೇರಿದ್ದು, ಮಿಕ್ಕವು ವಾಯವ್ಯದ ಸಿಯಾಟಲಿನಿಂದ ಆಗ್ನೇಯದ ಮಯಾಮಿಯವರೆಗೆ ಹರಡಿಕೊಂಡಿವೆ. ಒಂದೊಂದು ತಂಡವೂ ವರ್ಷಕ್ಕೆ 81 ಆಟಗಳನ್ನು ತನ್ನ ಊರಿನಲ್ಲಿಯೇ ಆಡುವುದರಿಂದ, ಏಪ್ರಿಲ್ ಮೊದಲ್ಗೊಂಡು ಸೆಪ್ಟೆಂಬರಿನ ಕಡೆಯವರೆಗೆ ಈ ವ್ರತಕ್ಕೆ ಮುಹೂರ್ತದ ಕೊರತೆಯೆಂಬುದಿಲ್ಲ. ಒಂದೇ ಬೇಸಗೆಯಲ್ಲಿ ಕಾರೋಡಿಸಿಕೊಂಡು ಎಲ್ಲವನ್ನೂ ಮುಗಿಸಿಬಿಡುವ ಸಾಹಸಿಗಳುಂಟು. ವರ್ಷಕ್ಕೊಂದೆರಡರಂತೆ ನಿಧಾನವಾಗಿ ಸವಿಯುವವರೂ ಉಂಟು. ಕೆಲವರು ಅದಕ್ಕೆಂದೇ ಅಚ್ಚಾದ ಪುಸ್ತಿಕೆಯೊಂದನ್ನು ಜೊತೆಗೊಯ್ದು, ಹೋದಹೋದಲ್ಲಿ ಮುದ್ರೆ ಒತ್ತಿಸಿಕೊಂಡು, ಇನ್ನೆಷ್ಟು ಉಳಿಯಿತೆಂದು ಎಣಿಸುತ್ತಾರೆ. ಎಣಿಕೆಯ ಚಪಲವೊಂದು ಇಲ್ಲದಿದ್ದರೆ ಇದಕ್ಕಿಂತ ನಿರುಪದ್ರವಿಯಾದ ದಾಂಪತ್ಯಧರ್ಮವನ್ನು ನಾನು ಕಂಡಿಲ್ಲ.

ಆ ದೇಶದಲ್ಲಿ ಮಕ್ಕಳು ನೆಲೆಸಿರುವ ಸಹಸ್ರಾರು ಕನ್ನಡ ತಂದೆತಾಯಿಗಳ ಹಾಗೆ ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿ ತಂಗಿದ್ದಾಗ, ಬಿಡುವೇ ಭಾರವಾಗತೊಡಗಿದ ಒಂದು ಬೇಸಗೆಯಲ್ಲಿ, ಈ ವ್ರತದ ಸಂಕ್ಷಿಪ್ತ ಪಾಠವೊಂದನ್ನು ಕೈಕೊಂಡೆವು. ಎಲ್ಲವನ್ನೂ ನೋಡುವ ದೇಹಶಕ್ತಿಯಾಗಲಿ ಧನಶಕ್ತಿಯಾಗಲಿ ನಮಗಿರಲಿಲ್ಲ. ಪೂರ್ವತೀರದ ಕೆಲವು ಊರುಗಳಿಗೆ ತೃಪ್ತರಾದೆವು. ಆದರೆ ಹೋದಲ್ಲೆಲ್ಲ ನಮ್ಮಂತೆಯೇ ಜೋಡಿಯಾಗಿ ಬಂದು ಪಕ್ಕದಲ್ಲಿ ಕುಳಿತ ಯಾತ್ರಿಕರನ್ನು, ತಾವು ಕಂಡ ಮೈದಾನಗಳಲ್ಲಿ ಯಾವುದು ಮೇಲೆಂದು ಕೇಳುವುದನ್ನು ನನ್ನಾಕೆ ಬಿಡುತ್ತಿರಲಿಲ್ಲ. ಕೋಟ್ಯಂತರ ಡಾಲರು ಸುರಿದು ಮೊನ್ನೆಮೊನ್ನೆ ಕಟ್ಟಿದ, ಮೇಲ್ಛಾವಣಿಯೇ ಸರಿದು ತೆರೆದುಕೊಳ್ಳುವ, ಶೀತಲಗಾಳಿಯಿಂದ ತುಂಬಿದ ಮೈದಾನವನ್ನು ಹೆಸರಿಸಿದವರು ವಿರಳ. ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಎಂದು ಒಬ್ಬರೆಂದರೆ, ಅಲ್ಲ, ಷಿಕಾಗೋದ ರಿಗ್ಲಿ ಫೀಲ್ಡ್ ಎಂದು ಅವರ ಸಂಗಾತಿ ಅಡ್ಡಮಾತಾಡುತ್ತಿದ್ದರು. ಜಗಳ ಆ ಎರಡರ ನಡುವೆಯೇ. ಮೊದಲನೆಯದು 1912ರಲ್ಲಿ, ಎರಡನೆಯದು 1914ರಲ್ಲಿ ಆರಂಭವಾದುವು. ಈಗ ಲೀಗಿನಲ್ಲಿ ಉಳಿದಿರುವ ಮೈದಾನಗಳಲ್ಲಿ ಅತ್ಯಂತ ಹಳೆಯವು, ಅತ್ಯಂತ ಇಕ್ಕಟ್ಟಿನವು, ಆಕಾರದಲ್ಲಿ ಅತ್ಯಂತ ಸೊಟ್ಟವು. ಈ ಸೊಟ್ಟತನವೇ ಅವುಗಳ ಗುಣವೆಂದೂ, ನೆಲದ ನಿರ್ಬಂಧಕ್ಕೆ ಮಣಿದು ಹುಟ್ಟಿದ ಇಂತಹವುಗಳನ್ನು ಕೆಡವಿ ಹೊಸತು ಕಟ್ಟುವುದಕ್ಕಿಂತ ದುರಸ್ತಿ ಮಾಡಿ ಉಳಿಸಿಕೊಳ್ಳುವುದೇ ವಿವೇಕವೆಂದೂ ವಾದಿಸುವುದು ನನ್ನ ಉದ್ದೇಶ.

ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಬೇಸ್‌ಬಾಲಿನ ನೆಲವನ್ನು ಪರಿಚಯಿಸುವುದು ಕಷ್ಟವಲ್ಲ. ಒಳಾಂಗಣದಲ್ಲಿ ಎಲ್ಲವೂ ಕಟ್ಟುನಿಟ್ಟು: ಒಂದು ಬೇಸಿನಿಂದ ಮತ್ತೊಂದಕ್ಕೆ 90 ಅಡಿ, ಚೆಂಡೆಸೆಯುವ ಪಿಚ್ಚರನು ಕಾಲೂರುವ ಪಟ್ಟಿಯಿಂದ, ಬ್ಯಾಟು ಹಿಡಿದವನು ಕಾಯ್ದು ನಿಲ್ಲುವ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ, ಒಂದಂಗುಲ ಆಚೀಚೆಯಾದರೂ ಅದು ಆ ಆಟವಲ್ಲ. ಆದರೆ ಈ ಚೌಕದಾಚೆಯ ಹುಲ್ಲುನೆಲ ಎಲ್ಲಿ ಕೊನೆಗೊಳ್ಳಬೇಕು, ಅದರಂಚಿನ ಗೋಡೆ ಎಷ್ಟು ಎತ್ತರ ಏಳಬೇಕು, ಮೂಲೆಗಳು ಎಷ್ಟು ಚೂಪಾಗಿರಬೇಕು ಎಂಬ ವಿಷಯಗಳಲ್ಲಿ ಹಳೆಯ ನಿಯಮಕಾರರು ಉದಾರಿಗಳಾಗಿದ್ದರು. 1958ರ ಜೂನ್ 1ರ ತರುವಾಯ ಕಟ್ಟುವ ಮೈದಾನಗಳಲ್ಲಿ ಎಡಬಲದ ಗೆರೆಗಳ ಉದ್ದ 325 ಅಡಿಗೂ, ನಡುವಣ ದೂರ 400 ಅಡಿಗೂ ಕಡಿಮೆಯಾಗಕೂಡದೆಂಬ ವಿಧಿ ಬರುವ ಮುನ್ನ, ಊರೊಳಗೆ ಎಷ್ಟು ಜಾಗ ದೊರಕಿತೋ ಅಷ್ಟರಲ್ಲಿ, ಬೀದಿಗಳು ಹೇಗೆ ತಿರುಗಿದವೋ ಹಾಗೆ, ಮೈದಾನವೂ ತಿರುಗಿಕೊಂಡಿತು. ಹೀಗಾಗಿ ಒಂದೇ ಹೊಡೆತ ಒಂದೂರಿನಲ್ಲಿ ವಿಜಯವೂ ಮತ್ತೊಂದೂರಿನಲ್ಲಿ ವ್ಯರ್ಥವೂ ಆಗಬಲ್ಲದು. ಇದು ಅನ್ಯಾಯವಲ್ಲವೇ ಎಂದು ಕೇಳುವವರಿಗೆ, ಎರಡು ತಂಡಗಳೂ ಅದೇ ಗೋಡೆಯ ಕೆಳಗೆ ಆಡುತ್ತವೆಂಬುದೇ ಸಾಕಾದ ಸಮಾಧಾನ.

ಫೆನ್‌ವೇ ಹುಟ್ಟಿದ ಬಗೆಯನ್ನು ನೋಡಿ. ಬಾಸ್ಟನ್ನಿನ ಫೆನ್ಸ್ ಎಂಬ ಜೌಗುಪ್ರದೇಶವನ್ನು ತುಂಬಿ ಎತ್ತರಿಸಿದ ಹೊಸ ಬಡಾವಣೆಯಲ್ಲಿ, ನಾಲ್ಕು ಕಡೆಯಿಂದಲೂ ಬೀದಿಗಳು ಒತ್ತಿಕೊಂಡಿದ್ದ ಓರೆಕೋರೆಯ ನಿವೇಶನವೊಂದರ ಮೇಲೆ ಅದನ್ನು ಎಬ್ಬಿಸಿದರು. ಎಡಗಡೆಗೆ ಲ್ಯಾನ್ಸ್‌ಡೌನ್ ಬೀದಿ ತೀರ ಸಮೀಪಕ್ಕೆ ಬಂದುಬಿಟ್ಟಿದ್ದರಿಂದ, ಆ ಕಡೆಯ ದೂರ ಕಿರಿದಾಯಿತು. ಕಿರಿದಾದ ದೂರಕ್ಕೆ ಪರಿಹಾರವಾಗಿಯೂ, ಹಣ ತೆರದೆ ಹೊರಗಿನಿಂದ ಇಣುಕುವವರಿಗೆ ಅಡ್ಡವಾಗಿಯೂ ಎತ್ತರದ ಗೋಡೆಯೊಂದು ಎದ್ದಿತು. ಮೊದಮೊದಲು ಅದರ ತುಂಬ ಜಾಹೀರಾತುಗಳಿದ್ದುವು. 1947ರಲ್ಲಿ ಅವನ್ನೆಲ್ಲ ಅಳಿಸಿ ಹಸಿರು ಬಳಿದ ಮೇಲೆ, ಜನರ ಬಾಯಲ್ಲಿ ಅದು 'ಗ್ರೀನ್ ಮಾನ್‌ಸ್ಟರ್' ಆಯಿತು. 37 ಅಡಿ 2 ಅಂಗುಲ ಎತ್ತರ. ಬ್ಯಾಟು ಹಿಡಿದವನಿಂದ ಬರಿಯ 310 ಅಡಿ ದೂರ. ಮೈದಾನದ ಮೊದಲ ಅಧಿಕೃತ ಆಟ ನಡೆದದ್ದು 1912ರ ಏಪ್ರಿಲ್ 20ರಂದು. ಟೈಟಾನಿಕ್ ಹಡಗು ಮುಳುಗಿ ಐದೇ ದಿನಗಳಾಗಿದ್ದುವಾದ್ದರಿಂದ, ಸ್ಥಳೀಯ ತಂಡವಾದ ರೆಡ್ ಸಾಕ್ಸ್ 11 ಇನಿಂಗ್ಸ್ ಹೋರಾಡಿ ನ್ಯೂಯಾರ್ಕಿನವರನ್ನು ಸೋಲಿಸಿದ ಸುದ್ದಿಗೆ ಪತ್ರಿಕೆಗಳಲ್ಲಿ ಸಲ್ಲಬೇಕಾದ ಸ್ಥಳ ಸಲ್ಲಲಿಲ್ಲ.

ಅಂಕಿಅಂಶಗಳನ್ನು ಇಷ್ಟು ಹೇಳಿದ ಮೇಲೆ, ಆ ಗೋಡೆ ಮಾಡುವ ಕೆಲಸವನ್ನು ನಾವು ಕಣ್ಣಾರೆ ಕಂಡ ಪರಿಯನ್ನೂ ಹೇಳಬೇಕು. ನಮ್ಮ ಆಸನಗಳು ಒಳಗಡೆಯ ಹಳೆಯ ಚಾವಣಿಯ ಅಡಿಯಲ್ಲಿದ್ದುವು: ನೀಲಿ ಬಣ್ಣ ಬಳಿದ ಮರದ ಕುರ್ಚಿಗಳು, ಬಣ್ಣದ ಮೇಲೆ ಬಣ್ಣ ಕೂತು ಹಲಗೆಯ ಅಂಚುಗಳೆಲ್ಲ ಗುಂಡಾದವು, ಹಿಂದಿನ ಕಾಲದ ಸಣಕಲು ಸೊಂಟಕ್ಕೆ ಅಳೆದು ಮಾಡಿದವು, ಮುಂದುಗಡೆ, ನನಗೂ ಪಿಚ್ಚರನಿಗೂ ಸರಿಯಾಗಿ ಮಧ್ಯದಲ್ಲಿ, ಚಾವಣಿಯನ್ನು ಹೊತ್ತ ಉಕ್ಕಿನ ಕಂಬ. ಚೆಂಡು ಎಸೆದದ್ದನ್ನು ಕಂಬದ ಎಡದಿಂದ ನೋಡಿ, ಹೊಡೆದದ್ದನ್ನು ಬಲದಿಂದ ನೋಡುವ ಅಭ್ಯಾಸ ನನಗೆ ಎರಡು ಇನಿಂಗ್ಸಿನಲ್ಲಿ ಕೈಗೂಡಿತು. ನಾಲ್ಕನೆಯ ಇನಿಂಗ್ಸಿನಲ್ಲಿ ಅತಿಥಿ ತಂಡದವನೊಬ್ಬ ಎಡಕ್ಕೆ ಬೀಸಿ ಹೊಡೆದ. ನೇರವಾಗಿ, ತಗ್ಗಿನಲ್ಲಿ, ಅತಿವೇಗದಿಂದ ಹೋದ ಚೆಂಡು; ಬೇರೆ ಯಾವ ಊರಿನಲ್ಲಾದರೂ ಅದು ಬೇಲಿ ದಾಟಿ ಜನರ ನಡುವೆ ಬೀಳತಕ್ಕದ್ದು. ಇಲ್ಲಿ ಅದು ಗೋಡೆಗೆ ಬಡಿಯಿತು. ಆ ಸದ್ದು ದೊಡ್ಡದು, ಟೊಳ್ಳಾದದ್ದು; ಮೇಲಿನ ಸಾಲಿನವರೆಗೂ ಕೇಳಿಸಿತು. ಎಡಗಾವಲಿನ ಆಟಗಾರ ಚೆಂಡಿನ ಹಿಂದೆ ಓಡಲೇ ಇಲ್ಲ. ಗೋಡೆಯ ಕಡೆಗೆ ಮುಖ ಮಾಡಿ, ಅದು ಎಲ್ಲಿಗೆ ಪುಟಿದು ಬರುವುದೆಂದು ಬಲ್ಲವನಾಗಿ, ಕೆಲವು ಹೆಜ್ಜೆ ಹಿಂದಕ್ಕೆ ಬಂದು ನಿಂತು, ಬಂದ ಚೆಂಡನ್ನು ಹಿಡಿದು ತಿರುಗಿ ಎರಡನೆಯ ಬೇಸಿಗೆ ಎಸೆದ. ಎರಡು ಬೇಸುಗಳ ಆಸೆಯಿಂದ ಹೊರಟಿದ್ದ ಹೊಡೆತಗಾರ ಅರ್ಧದಾರಿಯಿಂದ ಹಿಂತಿರುಗಿ ಮೊದಲನೆಯದಕ್ಕೆ ತೃಪ್ತನಾಗಬೇಕಾಯಿತು. "ಏನ್ರೀ ಇದು, ಬೇರೆ ಕಡೆ ಸಿಕ್ಸರ್ ಆಗೋದು ಇಲ್ಲಿ ಒಂದೇ ಬೇಸಾ?" ಎಂದು ನನ್ನಾಕೆ ಅಚ್ಚರಿಪಟ್ಟಳು. ಅದೇ ಇನಿಂಗ್ಸಿನಲ್ಲಿ ಮತ್ತೊಬ್ಬ ಸೋಮಾರಿಯಾಗಿ ಎತ್ತರಕ್ಕೆ ತೇಲಿಸಿದ ಚೆಂಡು, ವಿಶಾಲವಾದ ಮೈದಾನಗಳಲ್ಲಿ ಸುಲಭವಾಗಿ ಕ್ಯಾಚಾಗಿ ಹೋಗಬೇಕಾದದ್ದು, ಗೋಡೆಯ ನೆತ್ತಿಯನ್ನು ಹೇಗೋ ದಾಟಿ ಹೋಮ್ ರನ್ ಎನಿಸಿಕೊಂಡಿತು. ಗಟ್ಟಿ ಹೊಡೆತಕ್ಕೆ ದಂಡ, ಮೆತ್ತನೆಯದಕ್ಕೆ ಬಹುಮಾನ: ಲೋಕನ್ಯಾಯಕ್ಕೆ ಇಷ್ಟು ಹತ್ತಿರವಾದ ವಾಸ್ತುಶಿಲ್ಪವನ್ನು ಯಾವ ಶಿಲ್ಪಿಯೂ ಬೇಕೆಂದು ರಚಿಸಿರಲಾರನು.

ಆ ಗೋಡೆಯ ಬುಡದಲ್ಲಿ ಅಂಕಫಲಕವಿದೆ. 1934ರಿಂದಲೂ ಅದನ್ನು ಕೈಯಿಂದಲೇ ನಡೆಸುತ್ತಾರೆ. ಗೋಡೆಯ ಹೊಟ್ಟೆಯೊಳಗೆ ಕುಳಿತ ಕೆಲಸಗಾರರು ಸಣ್ಣ ಕಿಂಡಿಗಳ ಮೂಲಕ ಆಟ ನೋಡುತ್ತ, ಲೋಹದ ಅಂಕಿಫಲಕಗಳನ್ನು ತೆಗೆದು ಹಾಕಿ ಮಾಡುತ್ತಾರೆ. ಫಲಕದ ಮೇಲಿನ ಬಿಳಿಯ ಗೆರೆಗಳಲ್ಲಿ ಚುಕ್ಕೆಗಳೂ ಅಡ್ಡಗೀಟುಗಳೂ ಇರುವುದನ್ನು ಪಕ್ಕದ ಮುದುಕರೊಬ್ಬರು ತೋರಿಸಿದರು. ತಂತಿಯ ಕಾಲದ ಮೋರ್ಸ್ ಲಿಪಿಯಲ್ಲಿ ಬರೆದ ಎರಡು ಹೆಸರುಗಳ ಮೊದಲಕ್ಷರಗಳವು: 1933ರಲ್ಲಿ ತಂಡವನ್ನು ಕೊಂಡ ಟಾಮ್ ಯಾಕೀ, ಆತನ ಪತ್ನಿ ಜೀನ್ ಯಾಕೀ. ಗಂಡಹೆಂಡಿರ ಹೆಸರು ಗೋಡೆಯಲ್ಲಿ ಗುಟ್ಟಾಗಿ ಕೂಡಿರುವುದನ್ನು ನೋಡಲೆಂದೇ ಜೋಡಿಯಾತ್ರಿಕರು ದುರ್ಬೀನು ಹಿಡಿಯುವುದುಂಟು. ಆದರೆ ಯಾತ್ರೆಯ ಭಾವಾವೇಶದಲ್ಲಿ ಮರೆಯಬಾರದ ಒಂದು ಸಂಗತಿಯಿದೆ. 1945ರ ಏಪ್ರಿಲಿನಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪುಜನರ ಆಟಗಾರನನ್ನು ಇದೇ ಫೆನ್‌ವೇಗೆ ಕರೆಸಿ, ಪರೀಕ್ಷೆಯ ನೆಪಮಾತ್ರ ಮಾಡಿ ಕಳುಹಿಸಿದರು. ಎರಡು ವರ್ಷಗಳ ಬಳಿಕ ಆತ ಬ್ರೂಕ್ಲಿನ್ನಿನ ತಂಡ ಸೇರಿ ಚರಿತ್ರೆಯನ್ನೇ ತಿರುಗಿಸಿದ. ಯಾಕೀಯ ರೆಡ್ ಸಾಕ್ಸ್ ತಮ್ಮ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ, ಆಗಿನ ತಂಡಗಳಲ್ಲೆಲ್ಲ ಕಟ್ಟಕಡೆಗೆ. ಯಾಕೀಯ ಹೆಸರನ್ನು ಹೊತ್ತಿದ್ದ ಪಕ್ಕದ ಬೀದಿಗೆ 2018ರಲ್ಲಿ ಜರ್ಸಿ ಬೀದಿಯೆಂಬ ಹಳೆಯ ಹೆಸರನ್ನೇ ಹಿಂದಿರುಗಿಸಿದರು. ಗೋಡೆಯ ಚುಕ್ಕೆಗಳನ್ನು ಹಾಗೆಯೇ ಬಿಟ್ಟರು. ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಅದರ ಕಳಂಕವನ್ನೂ ಕಣ್ಣೆದುರಿಗೆ ಇಟ್ಟುಕೊಳ್ಳುವುದೆಂದೇ ನಾನು ಭಾವಿಸುತ್ತೇನೆ. ಕೆಡವಿದ ಕಟ್ಟಡದೊಂದಿಗೆ ಅಪರಾಧವೂ ಅನುಕೂಲವಾಗಿ ಮಣ್ಣುಪಾಲಾಗುತ್ತದೆ.

ಈ ಆಟ ದಂಪತಿಗಳಿಗೆ ಏಕೆ ಒಗ್ಗುತ್ತದೆಂಬುದನ್ನು ಫೆನ್‌ವೇಯ ಇಕ್ಕಟ್ಟಾದ ಕುರ್ಚಿಯಲ್ಲಿ ಕುಳಿತು ನಾನು ಯೋಚಿಸಿದ್ದುಂಟು. ಬೇಸ್‌ಬಾಲಿನಲ್ಲಿ ಕ್ರಿಯೆಗಿಂತ ಕ್ರಿಯೆಗಳ ನಡುವಣ ಅವಕಾಶ ಹೆಚ್ಚು. ಆ ಅವಕಾಶದಲ್ಲಿ ಮಾತಿಗೂ ಮೌನಕ್ಕೂ, ಉಪ್ಪು ಹಚ್ಚಿ ಹುರಿದ ಕಡಲೆಕಾಯಿಗೂ ಎಡೆಯಿದೆ. 2023ರಿಂದ ಪಿಚ್ಚರನ ತಲೆಯ ಮೇಲೆ ಗಡಿಯಾರವನ್ನು ಹೂಡಿ, ಇಂತಿಷ್ಟು ಸೆಕೆಂಡುಗಳೊಳಗೆ ಚೆಂಡೆಸೆಯಬೇಕೆಂದು ಕಟ್ಟಳೆ ಮಾಡಿದ್ದಾರೆ. ಮೂರು ಗಂಟೆ ದಾಟುತ್ತಿದ್ದ ಆಟ ಸರಾಸರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿದೆ. ಹಳಬರು ಗೊಣಗಿದರು, ನನಗಂತೂ ಆ ಸುಧಾರಣೆ ಒಪ್ಪಿಗೆಯಾಯಿತು. ಕೈಗವಸಿನ ಪಟ್ಟಿ ಬಿಚ್ಚಿ ಕಟ್ಟುವುದನ್ನೇ ನೋಡುತ್ತ ಕೂರುವುದರಲ್ಲಿ ಯಾವ ರಸವೂ ಇರಲಿಲ್ಲ. ಉಳಿದ ವಿರಾಮವನ್ನು ತುಂಬುವುದಕ್ಕೆ ನನ್ನಾಕೆ ಅಂಕಪಟ್ಟಿ ಬರೆಯತೊಡಗಿದಳು. 1974ರಲ್ಲಿ, ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಕೈಬಿಡದಿದ್ದ ಬೊಂಬಾಯಿಯನ್ನು ಕರ್ನಾಟಕ ಬೆಂಗಳೂರಿನ ಉಪಾಂತ್ಯದಲ್ಲಿ ಹಿಮ್ಮೆಟ್ಟಿಸಿದ ಪಂದ್ಯವನ್ನು ರೇಡಿಯೋ ಮುಂದೆ ಕುಳಿತು ಗೆರೆ ಹಾಕಿದ ನೋಟುಪುಸ್ತಕದಲ್ಲಿ ಬರೆದಿಟ್ಟ ಹುಡುಗಿ ಅವಳು. ಪೆನ್ಸಿಲು ಹಿಡಿದರೆ ಕೈ ತಾನಾಗಿ ಓಡುತ್ತದೆ. ಇಲ್ಲಿಯ ಲೆಕ್ಕ ಬೇರೆ: ಪಿಚ್ಚರ್ 1, ಕ್ಯಾಚರ್ 2 ಎಂದು ಮೊದಲಾಗಿ ಒಂಬತ್ತು ಸ್ಥಾನಗಳಿಗೂ ಸಂಖ್ಯೆಯುಂಟು, ಶಾರ್ಟ್‌ಸ್ಟಾಪ್ ಹಿಡಿದು ಎರಡನೆಯ ಬೇಸಿನವನಿಗೂ, ಅವನು ಮೊದಲನೆಯ ಬೇಸಿನವನಿಗೂ ಎಸೆದು ಒಂದೇ ಏಟಿಗೆ ಇಬ್ಬರನ್ನು ಔಟು ಮಾಡಿದರೆ 6-4-3 ಎಂದು ಬರೆದರಾಯಿತು. ಆಟದ ಫಲಿತಾಂಶವನ್ನು ಪತ್ರಿಕೆಯ ಒಂದು ಚೌಕದೊಳಗೆ ಅಡಕಗೊಳಿಸುವ ವಿಧಾನವನ್ನು ರೂಢಿಗೆ ತಂದ ಹೆನ್ರಿ ಚಾಡ್ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದ ಪತ್ರಕರ್ತ. ಆದ್ದರಿಂದ ನನ್ನಾಕೆಯ ನೋಟುಪುಸ್ತಕಕ್ಕೂ ಬಾಸ್ಟನ್ನಿನ ಅಂಕಪಟ್ಟಿಗೂ ದೂರದ ಬಾದರಾಯಣ ಸಂಬಂಧಕ್ಕಿಂತ ಹತ್ತಿರದ ನೆಂಟಸ್ತಿಕೆಯೇ ಇದೆ.

ಇನ್ನು ಮುಖ್ಯವಾದದ್ದಕ್ಕೆ ಬರೋಣ. ಫೆನ್‌ವೇ ಮೊದಲ ಆಟ ಕಂಡ 1912ರ ಏಪ್ರಿಲ್ 20ರಂದೇ, ಡೆಟ್ರಾಯಿಟ್ ನಗರದಲ್ಲಿ ಇನ್ನೊಂದು ಮೈದಾನವೂ ಬಾಗಿಲು ತೆರೆಯಿತು. ಕೊನೆಗಾಲಕ್ಕೆ ಅದು ಟೈಗರ್ ಸ್ಟೇಡಿಯಂ ಎಂದು ಹೆಸರಾಯಿತು. ಎರಡೂ ಊರ ನಡುವಿನವು, ಎರಡೂ ಕಂಬಗಳವು, ಎರಡರಲ್ಲಿಯೂ ಪ್ರೇಕ್ಷಕ ಆಟಗಾರನ ಉಸಿರು ಕೇಳುವಷ್ಟು ಸಮೀಪ. ಡೆಟ್ರಾಯಿಟಿನ ಅಭಿಮಾನಿಗಳು ತಮ್ಮ ಮೈದಾನ ಹೋಗುವುದೆಂಬ ಸುಳಿವು ಸಿಕ್ಕಿ 1988ರಲ್ಲಿ ಕೈಕೈ ಹಿಡಿದು ಅದರ ಸುತ್ತಲೂ ನಿಂತು ಅದನ್ನು ಅಪ್ಪಿಕೊಂಡರು. ಫಲವಾಗಲಿಲ್ಲ. 1999ರಲ್ಲಿ ಕಡೆಯ ಆಟ ನಡೆಯಿತು. ಸುಮಾರು ಹತ್ತು ವರ್ಷ ಖಾಲಿ ನಿಂತ ಕಟ್ಟಡವನ್ನು 2008ರಿಂದ ಮುಂದಕ್ಕೆ ಕೆಡವಿದರು. ಆ ಬಳಿಕ ಬೆಳೆದು ನಿಂತ ಹುಲ್ಲನ್ನು ಕತ್ತರಿಸಿ ಮೈದಾನದ ಆಕಾರವನ್ನಾದರೂ ಉಳಿಸಿದವರು ಸ್ವಂತ ಇಚ್ಛೆಯಿಂದ ಬಂದ ಸಾಮಾನ್ಯ ನಾಗರಿಕರು. ಅದೇ 1999ರಲ್ಲಿ ಬಾಸ್ಟನ್ನಿನಲ್ಲಿಯೂ ಹಳೆಯದನ್ನು ಬಿಟ್ಟು ಪಕ್ಕದಲ್ಲಿಯೇ ಅದರ ದೊಡ್ಡ ನಕಲೊಂದನ್ನು ಕಟ್ಟುವ ಯೋಜನೆ ಹೊರಬಿದ್ದಿತ್ತು. ದುರಸ್ತಿ ಅಸಾಧ್ಯ, ಅಡಿಪಾಯ ದುರ್ಬಲ, ಆದಾಯ ಸಾಲದು ಎಂಬ ಅದೇ ತರ್ಕ. ಫೆನ್‌ವೇಯನ್ನು ಉಳಿಸಿ ಎಂದು ಸಂಘ ಕಟ್ಟಿದವರನ್ನು ಭಾವುಕರೆಂದು ನಕ್ಕವರುಂಟು. 2002ರಲ್ಲಿ ತಂಡದ ಒಡೆತನ ಬದಲಾಯಿತು. ಹೊಸ ಒಡೆಯರು ಬಾಲ್ಟಿಮೋರಿನ ಕ್ಯಾಮ್‌ಡೆನ್ ಯಾರ್ಡ್ಸ್ ಮೈದಾನವನ್ನು ರೂಪಿಸಿದ್ದ ಜಾನೆಟ್ ಮೇರಿ ಸ್ಮಿತ್ ಎಂಬ ವಾಸ್ತುಪರಿಣತೆಯನ್ನು ಕರೆತಂದು, ಕೆಡವದೆ ಏನು ಮಾಡಬಹುದೆಂದು ಕೇಳಿದರು. ಆಕೆ ಮಾಡಿದ್ದು ಸರಳ. ವರ್ಷಕ್ಕಿಷ್ಟೆಂದು, ಆಟವಿಲ್ಲದ ಚಳಿಗಾಲದಲ್ಲಿ, ಒಂದೊಂದು ಮೂಲೆಯನ್ನು ಬಿಚ್ಚಿ ಗಟ್ಟಿಮಾಡುವುದು. ಬಳಕೆಯಿಲ್ಲದ ತಾಣಗಳನ್ನು ಓಡಾಟಕ್ಕೆ ತೆರೆಯುವುದು. 2003ರಲ್ಲಿ ಹಸಿರು ಗೋಡೆಯ ನೆತ್ತಿಯ ಮೇಲೆಯೇ 250ಕ್ಕೂ ಹೆಚ್ಚು ಆಸನಗಳು ಬಂದುವು; ಮೊದಲು ಅಲ್ಲಿದ್ದದ್ದು, ಹೊರಗೆ ಬೀಳುವ ಚೆಂಡುಗಳಿಂದ ಬೀದಿಯ ಕಿಟಕಿಗಳನ್ನು ಕಾಯುವ ಬಲೆ. ಆ ವರ್ಷ ಮೊದಲ್ಗೊಂಡು 2013ರವರೆಗೆ ಒಂದು ಟಿಕೆಟ್ಟೂ ಮಿಗದೆ ನಡೆದ ಆಟಗಳು ಒಂದರ ಹಿಂದೊಂದು 820. ಆದಾಯ ಸಾಲದೆಂದವರು ಏನೆನ್ನುವರೋ ಅರಿಯೆ. 2012ರಲ್ಲಿ, ನೂರು ತುಂಬಿದ ವರ್ಷ, ಫೆನ್‌ವೇ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಹಳೆಯದನ್ನು ಕೆಡವಿದವರು ಏನನ್ನು ಕಟ್ಟಿದರೆಂಬುದನ್ನೂ ನೋಡಬೇಕಷ್ಟೆ. 1970ರ ಸುಮಾರಿಗೆ ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಫಿಲಡೆಲ್ಫಿಯಗಳಲ್ಲಿ ಎದ್ದ ಕಾಂಕ್ರೀಟಿನ ಮಹಾವರ್ತುಲಗಳು ಬೇಸ್‌ಬಾಲಿಗೂ ಆಗಬೇಕು, ಅಮೆರಿಕನ್ ಫುಟ್‌ಬಾಲಿಗೂ ಆಗಬೇಕೆಂದು ರಚಿತವಾಗಿ, ಎರಡಕ್ಕೂ ಆಗದೆ ಹೋದುವು. ಪ್ಲೇಟಿನ ಮುಂದೆ ನಿಂತರೆ ತಾನು ಯಾವ ಊರಿನಲ್ಲಿದ್ದೇನೆಂದೇ ತಿಳಿಯದೆಂದು ಆಟಗಾರರೇ ದೂರಿದರು. ಮೂವತ್ತು ವರ್ಷ ದಾಟಿ ಸ್ವಲ್ಪದರಲ್ಲಿಯೇ, 2001ರಿಂದ 2004ರೊಳಗೆ, ಮೂರನ್ನೂ ಸಿಡಿಮದ್ದಿಟ್ಟು ಉರುಳಿಸಿದರು. ಅವುಗಳಿಗಾಗಿ ಯಾರೂ ಕೈಕೈ ಹಿಡಿದು ನಿಂತದ್ದು ಕಾಣೆ. ಅದಕ್ಕೆ ಪ್ರತಿಯಾಗಿ 1992ರಲ್ಲಿ ತೆರೆದ ಕ್ಯಾಮ್‌ಡೆನ್ ಯಾರ್ಡ್ಸ್ ಹೊಸ ದಾರಿ ತೋರಿತು: ಬಲಗಡೆಯಲ್ಲಿದ್ದ ಸಾವಿರ ಅಡಿ ಉದ್ದದ ಹಳೆಯ ರೈಲ್ವೆ ಉಗ್ರಾಣವನ್ನು ಕೆಡವದೆ, ಅದನ್ನೇ ಮೈದಾನದ ಹಿಂಗೋಡೆಯಾಗಿಸಿ, ನೆಲ ಹೇಳಿದಂತೆ ನಕ್ಷೆ ಬರೆದರು. ಪಿಟ್ಸ್‌ಬರ್ಗ್ ಕೂಡ 2001ರಲ್ಲಿ ಜಾಣತನ ಕಲಿತು, ನದಿಯಂಚಿನಲ್ಲಿ ಚೊಕ್ಕವಾದ ಮೈದಾನವೊಂದನ್ನು ಕಟ್ಟಿತು. ಆಟದ ದಿನ, ಆ ಊರಿನ ತಂಡದ ಆಟಗಾರನಾಗಿದ್ದ ರಾಬರ್ಟೊ ಕ್ಲೆಮೆಂಟಿಯ ಹೆಸರಿನ ಸೇತುವೆಯ ಮೇಲೆ ವಾಹನಗಳನ್ನು ತಡೆದು ಜನರನ್ನು ನಡೆಯಗೊಡುತ್ತಾರೆ. ಅವನ ಅಂಗಿಯ ಸಂಖ್ಯೆ 21 ಆಗಿದ್ದುದರಿಂದ ಬಲಗಡೆಯ ಗೋಡೆಯನ್ನು 21 ಅಡಿ ಎತ್ತರ ಎಬ್ಬಿಸಿದ್ದಾರೆ. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪಪೀಡಿತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಸತ್ತವನ ನೆನಪನ್ನು ಗೋಡೆಯ ಅಳತೆಯಲ್ಲಿ ಇಟ್ಟದ್ದು ನನಗೆ ಮೆಚ್ಚಿಗೆಯಾಯಿತು. ಆದರೆ ಎಲ್ಲರಿಗೂ ಇಂತಹ ಸಂಯಮವಿರಲಿಲ್ಲ. ಹೂಸ್ಟನ್ನಿನವರು 2000ದಲ್ಲಿ ತೆರೆದ ಮೈದಾನದ ನಟ್ಟನಡುವಿನ ಹಿಂಭಾಗದಲ್ಲಿ, ಹಳೆಯ ಮೈದಾನಗಳ ಏರುಪೇರನ್ನು ಅನುಕರಿಸಿ, ಬೇಕೆಂದೇ ಒಂದು ಗುಡ್ಡ ಮಾಡಿ, ಅದರ ಮೇಲೆ ಕಂಬವನ್ನೂ ನೆಟ್ಟರು. ನೆಲ ಅದನ್ನು ಬೇಡಿರಲಿಲ್ಲ; 2016ರ ತರುವಾಯ ತೆಗೆದುಹಾಕಿದರು. ಸೊಟ್ಟತನವನ್ನು ಅಂಗಡಿಯಿಂದ ಕೊಂಡುತರಲಾಗದು. ಹಳೆಯ ಕೇರಿಯಲ್ಲಿ ಅಕ್ಕಪಕ್ಕದವರ ಗೋಡೆಗೆ ಒರಗಿಕೊಂಡು ಬೆಳೆದ ಮನೆಯನ್ನು ಬಯಲಿನ ಸೈಟಿನಲ್ಲಿ ಕಟ್ಟಲಾಗುವುದೆ?

ಅದಕ್ಕಿಂತಲೂ ಚಿಂತಾಜನಕವಾದದ್ದು ತಂಡದೊಡೆಯರ ಚಂಚಲತೆ. ಅಟ್ಲಾಂಟಾ ನಗರದ ಮಧ್ಯದಲ್ಲಿ 1997ರಲ್ಲಿ ಬೇಸ್‌ಬಾಲಿಗೆ ತೆರೆದ ಟರ್ನರ್ ಫೀಲ್ಡನ್ನು, ಇಪ್ಪತ್ತೇ ಋತುಗಳ ಬಳಿಕ, ಮುಪ್ಪಿನ ಸುಳಿವೂ ಇಲ್ಲದ ಕಾಲದಲ್ಲಿ ತೊರೆದು, ಪಕ್ಕದ ಕಾಬ್ ಕೌಂಟಿ ಸುಮಾರು 30 ಕೋಟಿ ಡಾಲರ್ ಸಾರ್ವಜನಿಕ ಹಣ ಒದಗಿಸಲೊಪ್ಪಿದ ಉಪನಗರಕ್ಕೆ ತಂಡ ಹೊರಟುಹೋಯಿತು. ಓಕ್ಲೆಂಡಿನ ತಂಡ 2024ರ ಸೆಪ್ಟೆಂಬರಿನಲ್ಲಿ ತನ್ನೂರಿನ ಕಡೆಯ ಆಟವಾಡಿ, ಲಾಸ್ ವೇಗಸ್ಸಿನ ಹಾದಿಯಲ್ಲಿ, ಸದ್ಯಕ್ಕೆ ಸ್ಯಾಕ್ರಮೆಂಟೊದ ಕಿರಿಯ ಲೀಗಿನ ಮೈದಾನವೊಂದರಲ್ಲಿ ಬಿಡಾರ ಹೂಡಿತು. ಹೊಸತನ್ನು ಕಟ್ಟಿಕೊಡದಿದ್ದರೆ ಊರು ಬಿಡುತ್ತೇವೆಂಬ ಬೆದರಿಕೆಗೆ ನಗರಸಭೆಗಳು ತೆರಿಗೆಯ ಹಣವನ್ನು ತೆತ್ತುಕೊಂಡು ಬಂದಿವೆ. ಮೂವತ್ತನ್ನೂ ಮುಗಿಸಿದೆವೆಂದು ನೆಮ್ಮದಿಯಾಗಿದ್ದ ದಂಪತಿಗಳು ಮತ್ತೆ ಎಣಿಕೆ ಶುರುಮಾಡಬೇಕಾಗುವುದು ಅದರ ಕಿರಿಯ ಫಲ; ಹಿರಿಯ ಫಲವೆಂದರೆ ಊರು ತನ್ನ ನೆನಪಿನ ಗುರುತನ್ನು ಕಳೆದುಕೊಳ್ಳುವುದು. ಪಿಟ್ಸ್‌ಬರ್ಗಿನಲ್ಲಿ ಫೋರ್ಬ್ಸ್ ಫೀಲ್ಡ್ ಎಂಬ ಹಳೆಯ ಮೈದಾನ 1970ರಲ್ಲಿ ಮುಚ್ಚಿಹೋಗಿ, ಆ ನೆಲದ ಮೇಲೆ ವಿಶ್ವವಿದ್ಯಾನಿಲಯದ ಕಟ್ಟಡಗಳೆದ್ದುವು. ಇಟ್ಟಿಗೆಯ ಹೊರಗೋಡೆಯ ತುಂಡೊಂದು ಉಳಿದಿದೆ. 1960ರ ಅಕ್ಟೋಬರ್ 13ರಂದು ಬಿಲ್ ಮ್ಯಾಜರಾಸ್ಕಿ ಅಲ್ಲಿ ಕಡೆಯ ಹೊಡೆತದಿಂದ ನ್ಯೂಯಾರ್ಕನ್ನು 10-9ರಲ್ಲಿ ಸೋಲಿಸಿ ಊರಿನ ತಂಡಕ್ಕೆ ಲೀಗಿನ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ. ಪ್ರತಿವರ್ಷ ಅದೇ ದಿನ ಊರವರು ಆ ಗೋಡೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತು, ಆ ಆಟದ ರೇಡಿಯೋ ವರದಿಯನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಾರೆ.

ಹಳೆಯ ಮೈದಾನಗಳಿಗೆ ದೋಷವಿಲ್ಲವೆಂದು ನಾನು ವಾದಿಸುತ್ತಿಲ್ಲ. ಕಂಬದ ಮಾತು ಆಗಲೇ ಬಂದಿದೆ. ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ. ಶೌಚಾಲಯದ ಸಾಲು ಉದ್ದ. ಫೆನ್‌ವೇಯಲ್ಲಿ ಕೇವಲ 37,000ಕ್ಕೆ ಸ್ವಲ್ಪ ಮಿಕ್ಕ ಆಸನಗಳಿರುವುದರಿಂದ ಟಿಕೆಟ್ಟಿನ ಬೆಲೆ ಏರಿ, ಊರಿನ ಕೂಲಿಕಾರನೊಬ್ಬ ಸಂಸಾರ ಸಮೇತ ಬರಲಾಗದ ಸ್ಥಿತಿ ಬಂದಿದೆ. ಈ ಕಡೆಯದು ಮಾತ್ರ ನಿಜವಾದ ಅಪಚಾರ. ಇಕ್ಕಟ್ಟು ಅಪಾಯವೂ ಆಗಬಲ್ಲದೆಂಬುದನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಅಂದಿನಿಂದ ದೊಡ್ಡ ಪಂದ್ಯಗಳನ್ನು ಊರ ಹೊರಗೆ ಸಾಗಿಸಬೇಕೆಂಬ ಮಾತು ಬಲವಾಗಿದೆ. 1974ರಲ್ಲಿ ಮೊದಲ ಟೆಸ್ಟ್ ಕಂಡ ಆ ಅಂಗಣದ ಬಗ್ಗೆ ತೀರ್ಮಾನಿಸುವವರು ಫೆನ್‌ವೇಯ ಒಂದು ಏರ್ಪಾಡನ್ನಾದರೂ ನೋಡಬೇಕು. ಆಟದ ದಿನ ಜರ್ಸಿ ಬೀದಿಯನ್ನು ವಾಹನಗಳಿಗೆ ಮುಚ್ಚಿ, ಟಿಕೆಟ್ಟು ತೋರಿಸುವ ಕಟಕಟೆಗಳನ್ನು ಬೀದಿಯ ತುದಿಗಳಿಗೇ ಸರಿಸಿ, ಇಡೀ ಬೀದಿಯನ್ನು ಮೈದಾನದ ಅಂಗಳವಾಗಿಸುತ್ತಾರೆ. ಟಿಕೆಟ್ಟಿಲ್ಲದ ಗುಂಪು ಬಾಗಿಲವರೆಗೆ ಬಂದು ಒತ್ತುವ ಪ್ರಸಂಗವೇ ಹುಟ್ಟುವುದಿಲ್ಲ. ಹನ್ನೊಂದು ಮಂದಿಯ ಸಾವಿಗೆ ಗೋಡೆಗಳನ್ನು ಹೊಣೆಮಾಡಿ, ವ್ಯವಸ್ಥೆಯನ್ನು ಬಿಟ್ಟುಬಿಟ್ಟರೆ, ಊರ ಹೊರಗಿನ ವಿಶಾಲವಾದ ಅಂಗಣದಲ್ಲಿಯೂ ಅದೇ ಒತ್ತಡ ಅದೇ ಬಾಗಿಲಲ್ಲಿ ಕಾಣಿಸಿಕೊಳ್ಳುವುದು.

ಅಮೆರಿಕಕ್ಕೆ ಮಕ್ಕಳ ಮನೆಗೆ ಹೊರಡುವ ಹಿರಿಯ ದಂಪತಿಗಳಲ್ಲಿ ನನ್ನದೊಂದು ಬಿನ್ನಹ. ನಯಾಗರಾ ತೋರಿಸುತ್ತೇವೆಂದರೆ ಹೋಗಿ. ದೇವಸ್ಥಾನಕ್ಕೆ ಕರೆದೊಯ್ಯುತ್ತೇವೆಂದರೂ ಹೋಗಿ. ಆದರೆ ಬೇಸಗೆಯ ಒಂದು ಸಂಜೆಯನ್ನು ಹಳೆಯ ಮೈದಾನವೊಂದಕ್ಕೆಂದು ಕೇಳಿ ತೆಗೆದುಕೊಳ್ಳಿ. ಮೂವತ್ತರ ಲೆಕ್ಕ ಹಿಡಿಯಬೇಡಿ. ಒಂದನ್ನು ಒಂಬತ್ತು ಇನಿಂಗ್ಸ್ ಪೂರ್ತಿ ನೋಡಿ. ಬಾಸ್ಟನ್ನಿಗೆ ಹೋದರೆ ಕಾರು ಬೇಡ, ನಿಲ್ಲಿಸುವ ಬಾಡಿಗೆಯೇ ಟಿಕೆಟ್ಟನ್ನು ಮೀರಿಸಬಹುದು. ಗ್ರೀನ್ ಲೈನಿನ ರೈಲು ಹತ್ತಿ ಕೆನ್‌ಮೋರ್ ನಿಲ್ದಾಣದಲ್ಲಿ ಇಳಿದು, ಜನ ಹೋಗುವ ಕಡೆಗೆ ನಡೆದರೆ ಕೆಲವೇ ನಿಮಿಷಗಳಲ್ಲಿ ಮೈದಾನ. ಟಿಕೆಟ್ಟು ಕೊಳ್ಳುವಾಗ ನೋಟಕ್ಕೆ ಅಡ್ಡಿಯಿದೆಯೆಂಬ ಷರಾ ಉಂಟೇ ಎಂದು ಮಕ್ಕಳ ಕೈಯಲ್ಲಿ ಎರಡು ಸಲ ಓದಿಸಿ, ಕಂಬದ ಹಿಂದಿನ ಆಸನವನ್ನು ತಪ್ಪಿಸಿಕೊಳ್ಳಿ. ಬೇಸಗೆಯಲ್ಲಿಯೂ ಸಮುದ್ರದ ಕಡೆಯಿಂದ ರಾತ್ರಿ ಚಳಿಗಾಳಿ ಬೀಸುತ್ತದೆ, ಶಾಲು ಮರೆಯಬೇಡಿ.